ತಾರ್ತುಫನನ್ನು ಬಿಡು, ಓರ್ಗಾನನನ್ನು ಹಿಡಿ

ಪುಟ್ಟೀ,

ನೀನು ಕಳಿಸಿದ ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ, ಅಡಿಟಿಪ್ಪಣಿಗಳು ಅಚ್ಚುಕಟ್ಟಾಗಿವೆ. ಫೂಕೋ ಬಂದಿದ್ದಾನೆ, ಆಲ್ತೂಸರ್ ಬಂದಿದ್ದಾನೆ, ಕೊನೆಗೆ ದೆರಿದಾನೂ ಬಂದು ಹಾಜರಿ ಹಾಕಿ ಹೋಗಿದ್ದಾನೆ. ಮೋಲಿಯೇರ್ ಮಾತ್ರ ಬಂದಿಲ್ಲ. ತಲೆಬರಹದಲ್ಲಿ ಅವನ ‘ತಾರ್ತುಫ್’ ನಾಟಕವೂ ಇದೆ, ಅದರ ಕನ್ನಡ ರೂಪವಾದ ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯೂ ಇದೆ. ಒಳಗೆ ಹೋದರೆ ಆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದೂ ತಿಳಿಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ ಕಣಮ್ಮ. ಕೆಜಿಎಫ್‌ನ ಈ ಚಿನ್ನದ ಗಣಿ ಊರಿನ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಲೇ ತಲೆ ನರೆತವಳು ನಿನ್ನ ದೊಡ್ಡಮ್ಮ. ಕೆಂಪು ಪೆನ್ನು ಹಿಡಿಯದೆ ಪ್ರೀತಿ ತೋರಿಸುವುದು ನನಗೆ ಬರುವುದಿಲ್ಲ.

ಮೊದಲು ಒಂದು ಸಣ್ಣ ವಿಷಯ. ಪೀಠಿಕೆಯಲ್ಲಿ ‘ಪಠ್ಯವೆಂಬ ಗಣಿಯ ಆಳಕ್ಕಿಳಿದು ಅರ್ಥದ ಚಿನ್ನ ತೆಗೆಯುವ ಪ್ರಯತ್ನ’ ಅಂತ ಬರೆದಿದ್ದೀಯ. ಹೊಡೆದುಹಾಕು. ಉರಿಗಾಂ ಹುಡುಗಿ ಅಂತ ನಿನ್ನ ಗೈಡಿಗೆ ಗೊತ್ತಾಗಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದವರು ಕಂಡದ್ದು ಸೆಕೆ, ಧೂಳು, ಎಲ್ಲಿ ಬಂಡೆ ಸಿಡಿಯುತ್ತದೋ ಅನ್ನುವ ಹೆದರಿಕೆ. ಅವರ ಕೆಲಸವನ್ನು ಅಲಂಕಾರಕ್ಕೆ ಎಳೆಯುವುದು ಬೇಡ. ನಿನ್ನ ಊರು ನಿನ್ನ ಪ್ರಬಂಧದೊಳಗೆ ಬರಬೇಕಾದ ದಾರಿ ಬೇರೆ ಇದೆ, ಆಮೇಲೆ ಹೇಳುತ್ತೇನೆ.

ಸಿದ್ಧಾಂತವೇ ಬೇಡ, ನಾಟಕ ಓದಿ ಸುಖಪಟ್ಟರೆ ಸಾಕು ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಅದೂ ಒಂದು ಸೋಮಾರಿತನವೇ. ಈ ಜಗಳ ಫ್ರೆಂಚರ ಹಳೆಯ ನಾಟಕಗಳ ಮೇಲೆಯೇ ಒಂದು ಸಲ ಜೋರಾಗಿ ನಡೆದಿದೆ. 1963ರಲ್ಲಿ ರೋಲಾಂ ಬಾರ್ತ್ ರಾಸೀನನ ದುರಂತ ನಾಟಕಗಳ ಮೇಲೆ ಪುಸ್ತಕ ತಂದ. ರಾಸೀನನನ್ನು ಅರೆದು ಕುಡಿದಿದ್ದ ಸೊರ್ಬಾನಿನ ಪ್ರೊಫೆಸರ್ ರೇಮೋಂ ಪಿಕಾರನಿಗೆ ಮೈಯೆಲ್ಲ ಉರಿಯಿತು. ಇದು ಹೊಸ ವಿಮರ್ಶೆಯೋ ಹೊಸ ವಂಚನೆಯೋ ಅಂತ ಕೇಳಿ 1965ರಲ್ಲಿ ಒಂದು ಕಿರುಹೊತ್ತಿಗೆ ಬರೆದ. ಮರುವರ್ಷ ಬಾರ್ತ್ ಉತ್ತರ ಕೊಟ್ಟ. ತಮಾಷೆ ನೋಡು, ‘ತಾರ್ತುಫ್’ ನಾಟಕದ ಇನ್ನೊಂದು ಹೆಸರೂ ‘ವಂಚಕ’ ಅಂತಲೇ. ಮುನ್ನೂರು ವರ್ಷ ಕಳೆದರೂ ಪ್ಯಾರಿಸ್ಸಿನವರಿಗೆ ಬಯ್ಯಲು ಸಿಕ್ಕಿದ್ದು ಅದೇ ಮಾತು.

ಪಿಕಾರನ ಸಿಟ್ಟಿನಲ್ಲಿ ನ್ಯಾಯವಿರುವ ಜಾಗಗಳಿವೆ. ಆದರೆ ಬಾರ್ತನ ಪುಸ್ತಕದ ಮೊದಲ ಪುಟಗಳನ್ನು ಮಾತ್ರ ನೀನು ಮನಸ್ಸಿಟ್ಟು ಓದಬೇಕು. ರಾಸೀನನ ರಂಗದಲ್ಲಿ ಒಳಗೊಂದು ಕೋಣೆ, ಅದರಲ್ಲಿ ಕಣ್ಣಿಗೆ ಬೀಳದ ಅಧಿಕಾರ. ಹೊರಗೊಂದು ಪಡಸಾಲೆ, ಅಲ್ಲಿ ಜನ ಕಾಯುತ್ತ ಮಾತಾಡುತ್ತಾರೆ. ನಡುವೆ ಒಂದು ಬಾಗಿಲು. ಪಡಸಾಲೆಯಾಚೆಗಿನ ಹೊರಜಗತ್ತಿನಲ್ಲಿರುವುದು ಸಾವು, ಪಲಾಯನ, ಘಟನೆಗಳು. ಇಷ್ಟನ್ನು ಅವನು ರಂಗವನ್ನು ನೋಡಿ ಕಂಡುಕೊಂಡ. ದೊಡ್ಡ ಪದಗಳು ಆಮೇಲೆ ಬಂದವು. ನಿನ್ನ ಅಧ್ಯಾಯದಲ್ಲಿ ಒಂದು ಬಾಗಿಲಾದರೂ ಎಲ್ಲಿದೆ ಹೇಳು. ಕಪಟಭಕ್ತ ತಾರ್ತುಫ್ ಬಂದು ಸೇರಿಕೊಂಡ ಓರ್ಗಾನನ ಮನೆಯಲ್ಲಿ ಎಷ್ಟೊಂದು ಮರೆಗಳಿವೆ! ಮಗ ದಾಮಿಸ್ ಬಚ್ಚಲಿನಷ್ಟು ಚಿಕ್ಕದೊಂದು ಕೋಣೆಯಲ್ಲಿ ಅವಿತು ಕೇಳುತ್ತಾನೆ. ಯಜಮಾನ ಮೇಜಿನ ಕೆಳಗೆ ನುಸುಳುತ್ತಾನೆ. ಸುಳ್ಳಿನ ಮೇಲೆ ನಿಂತ ನಾಟಕದಲ್ಲಿ ನಿಜ ಪ್ರತಿಸಲವೂ ಕದ್ದು ಕೇಳಿದವರಿಗೇ ಸಿಗುತ್ತದೆ. ಇದನ್ನು ನೀನು ಗಮನಿಸಿದ್ದರೆ ಅರ್ಧ ಅಧ್ಯಾಯ ತಾನಾಗಿಯೇ ಬರುತ್ತಿತ್ತು.

ರಂಗದ ಲೆಕ್ಕವನ್ನೇ ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ. ಐದು ಅಂಕದ ನಾಟಕ, ನಾಯಕನ ಹೆಸರೇ ನಾಟಕದ ಹೆಸರು, ಆದರೆ ಅವನು ಬರುವುದು ಮೂರನೇ ಅಂಕದ ಎರಡನೇ ದೃಶ್ಯದಲ್ಲಿ. ಅಲ್ಲಿಯವರೆಗೆ ಮನೆಯವರೆಲ್ಲ ಅವನ ಮೇಲೆಯೇ ಜಗಳವಾಡುತ್ತಾರೆ. ಬಂದ ಕೂಡಲೇ ಅವನು ಕೆಲಸದವಳು ದೋರಿನ್ ನೋಡುತ್ತಿದ್ದಾಳೆ ಅಂತ ಗೊತ್ತುಮಾಡಿಕೊಂಡು, ತನ್ನ ಮೈದಂಡನೆಯ ಸಾಮಾನು ಎತ್ತಿಡು ಅಂತ ಆಳಿಗೆ ಗಟ್ಟಿಯಾಗಿ ಕೂಗುತ್ತಾನೆ. ಮರುಕ್ಷಣವೇ ಎದೆ ಮುಚ್ಚಿಕೋ ಅಂತ ಅವಳ ಕೈಗೆ ಕರವಸ್ತ್ರ ಕೊಡಲು ಹೋಗುತ್ತಾನೆ. ದೋರಿನ್ ಸುಮ್ಮನಿರುವವಳೇ? ನಿನ್ನನ್ನು ತಲೆಯಿಂದ ಕಾಲಿನವರೆಗೆ ಬೆತ್ತಲೆ ಕಂಡರೂ ನನಗೇನೂ ಆಗುವುದಿಲ್ಲ ಅನ್ನುವ ಅರ್ಥದಲ್ಲಿ ಬಾರಿಸುತ್ತಾಳೆ. ನೀನು ‘ಸ್ತ್ರೀದೇಹ ಮತ್ತು ದೃಷ್ಟಿಯ ರಾಜಕಾರಣ’ ಅಂತ ಒಂದು ಉಪಶೀರ್ಷಿಕೆ ಕೊಟ್ಟಿದ್ದೀಯ, ಅದರ ಕೆಳಗೆ ಈ ಕರವಸ್ತ್ರವೇ ಇಲ್ಲ! ಇದ್ದಿದ್ದರೆ ನಿನ್ನ ಸ್ತ್ರೀವಾದಕ್ಕೆ ಬೇರೆ ಸಾಕ್ಷಿ ಬೇಕಾಗುತ್ತಿರಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲ ವಿದ್ಯಾರ್ಥಿಗಳೂ ಮಾಡುವುದನ್ನೇ ನೀನೂ ಮಾಡಿದ್ದೀಯ. ಕಳ್ಳನ ಹಿಂದೆ ಓಡಿದ್ದೀಯ. ತಾರ್ತುಫನಲ್ಲಿ ಬಿಡಿಸಬೇಕಾದ ಒಗಟು ಅಷ್ಟೇನೂ ಇಲ್ಲ. ಅವನಿಗೆ ಊಟ ಬೇಕು, ಹೆಂಗಸು ಬೇಕು, ಆಸ್ತಿ ಬೇಕು, ಅದು ಎಲ್ಲರಿಗೂ ಕಾಣುತ್ತದೆ. ಒಗಟು ಇರುವುದು ಓರ್ಗಾನನಲ್ಲಿ. ಅವನು ದಡ್ಡನಲ್ಲ. ಗಲಭೆಯ ಕಾಲದಲ್ಲಿ ರಾಜನ ಪರ ಧೈರ್ಯವಾಗಿ ನಿಂತವನು ಅಂತ ಮೊದಲ ಅಂಕದಲ್ಲೇ ದೋರಿನ್ ಹೇಳುತ್ತಾಳೆ. ಅಂಥವನು ಯಾಕೆ ಹೀಗಾದ? ಅವನ ತಾಯಿಯೊಬ್ಬಳನ್ನು ಬಿಟ್ಟರೆ ಮನೆಯ ಬೇರೆಲ್ಲರಿಗೂ ಕಾಣುವುದು ಅವನಿಗೆ ಯಾಕೆ ಕಾಣುವುದಿಲ್ಲ? ಮೋಲಿಯೇರ್ ತಾನೇ ಬಣ್ಣ ಹಚ್ಚಿ ಮಾಡಿದ್ದೂ ಓರ್ಗಾನನ ಪಾತ್ರವನ್ನು. ತಾರ್ತುಫನನ್ನು ದ್ಯು ಕ್ರುವಾಸಿ ಅನ್ನುವ ನಟನಿಗೆ ಕೊಟ್ಟ. ನಾಟಕ ಬರೆದವನು, ತಂಡದ ಯಜಮಾನ, ಊರಿಗೇ ದೊಡ್ಡ ಹಾಸ್ಯನಟ ಯಾವ ಪಾತ್ರವನ್ನು ತನಗೆ ಇಟ್ಟುಕೊಂಡ ಅನ್ನುವುದು ಸಾವಿರ ಅಡಿಟಿಪ್ಪಣಿಗಳಿಗೆ ಸಮ.

ಆ ಪ್ರಸಿದ್ಧ ದೃಶ್ಯ ನೆನಪಿಸಿಕೋ. ಓರ್ಗಾನ್ ಹಳ್ಳಿಯಿಂದ ಮರಳಿ ಬಂದಿದ್ದಾನೆ. ಯಜಮಾನತಿಗೆ ಜ್ವರ ಬಂದಿತ್ತು, ತಲೆನೋವು, ರಾತ್ರಿಯೆಲ್ಲ ನಿದ್ದೆಯಿಲ್ಲ ಅಂತ ದೋರಿನ್ ಹೇಳುತ್ತಿದ್ದರೆ ಅವನು ಪ್ರತಿಸಲವೂ ತಾರ್ತುಫ್ ಹೇಗಿದ್ದಾನೆ ಅಂತಲೇ ಕೇಳುತ್ತಾನೆ. ಚೆನ್ನಾಗಿ ತಿಂದ, ಚೆನ್ನಾಗಿ ಮಲಗಿದ ಅಂತ ಅವಳು ಅಂದರೆ ಮರುಗುತ್ತಾನೆ. ಬರ್ಗ್‌ಸನ್ ನಗೆಯ ಬಗ್ಗೆ 1900ರಲ್ಲಿ ಬರೆದ ಪುಸ್ತಕದಲ್ಲಿ ಈ ದೃಶ್ಯವನ್ನೇ ತೆಗೆದುಕೊಂಡಿದ್ದಾನೆ. ಒತ್ತಿದಷ್ಟೂ ಮತ್ತೆ ಮತ್ತೆ ಚಿಮ್ಮುವ ಸ್ಪ್ರಿಂಗಿನ ಹಾಗೆ ಆ ಪ್ರಶ್ನೆ ಬರುತ್ತದೆ, ಜೀವಂತ ಮನುಷ್ಯ ಯಂತ್ರವಾದಾಗ ನಮಗೆ ನಗು ಬರುತ್ತದೆ ಅನ್ನುವುದು ಅವನ ವಾದ. ಒಪ್ಪಬಹುದು. ಆದರೆ ಯಂತ್ರಕ್ಕೆ ಕೀಲಿ ಕೊಟ್ಟವರು ಯಾರು, ಯಾಕೆ ಅನ್ನುವ ಪ್ರಶ್ನೆಗೆ ಬರ್ಗ್‌ಸನ್ ಉತ್ತರ ಕೊಡುವುದಿಲ್ಲ. ಒಂದು ಸಿದ್ಧಾಂತ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದನ್ನೂ ನೀನು ಬರೆಯಬೇಕು. ಕೈಬಿಟ್ಟ ಜಾಗವನ್ನು ಮುಚ್ಚಿಡುವ ಪ್ರಬಂಧದ ಮೇಲೆ ನನಗೆ ನಂಬಿಕೆಯಿಲ್ಲ.

ನಮ್ಮವರನ್ನು ಯಾಕೆ ಬಿಟ್ಟೆ? ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ ನಿಮ್ಮ ತಾಯಿಯ ಕಪಾಟಿನಲ್ಲೇ ಇದೆ. ರಸ ಅನುಚಿತವಾದ ಕಡೆ ಹರಿದರೆ ಆಭಾಸವಾಗುತ್ತದೆ, ಆಭಾಸವಾದದ್ದು ಹಾಸ್ಯಕ್ಕೆ ತಿರುಗುತ್ತದೆ ಅಂತ ಅಭಿನವಗುಪ್ತ ಹೇಳಿದ್ದನ್ನು ಈ ದೃಶ್ಯದ ಪಕ್ಕದಲ್ಲಿ ಇಟ್ಟು ನೋಡು. ಹೆಂಡತಿಗೆ ಸಲ್ಲಬೇಕಾದ ಮರುಕ ಹೊಟ್ಟೆತುಂಬ ತಿಂದು ಮಲಗಿದವನಿಗೆ ಹೋಗಿದೆ. ಮರುಕ ನಿಜವಾದದ್ದೇ, ವಿಳಾಸ ಮಾತ್ರ ತಪ್ಪು. ಕಪಟ ಸನ್ಯಾಸಿಗಳನ್ನು ನೋಡಿ ನಗುವುದನ್ನು ನಮಗೆ ಫ್ರಾನ್ಸಿನವರು ಕಲಿಸಬೇಕಾಗಿರಲಿಲ್ಲ. ಪಲ್ಲವರ ಮಹೇಂದ್ರವರ್ಮ ಏಳನೇ ಶತಮಾನದಲ್ಲೇ ‘ಮತ್ತವಿಲಾಸ’ ಬರೆದು ಕುಡುಕ ಕಾಪಾಲಿಕನನ್ನೂ ಬೌದ್ಧ ಭಿಕ್ಷುವನ್ನೂ ಕಂಚಿಯ ಬೀದಿಯಲ್ಲಿ ಕಿತ್ತಾಡಿಸಿದ್ದ. ಆದರೆ ಅಲ್ಲಿ ಓರ್ಗಾನ್ ಇಲ್ಲ. ಕಳ್ಳ ಸನ್ಯಾಸಿಗಳಿದ್ದಾರೆ, ಅವರನ್ನು ಮನೆಯೊಳಗೆ ತಂದು ಕೂರಿಸಿಕೊಳ್ಳುವ ಗೃಹಸ್ಥನಿಲ್ಲ. ಪಂಚತಂತ್ರದ ಆಷಾಢಭೂತಿಯೂ ಹಾಗೆಯೇ. ಅವನು ಶಿಷ್ಯನ ವೇಷದಲ್ಲಿ ಬಂದು ದೇವಶರ್ಮನೆಂಬ ಸನ್ಯಾಸಿಯ ಗಂಟು ಹೊಡೆಯುತ್ತಾನೆ, ಸಂಸಾರಿಯ ಮನೆಯನ್ನಲ್ಲ. ಮೋಲಿಯೇರನ ಹೊಸತನ ಎಲ್ಲಿದೆ ಅನ್ನುವುದು ಹೀಗೆ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಓರ್ಗಾನನ ಒಗಟನ್ನು ಯಾರಾದರೂ ಬಿಡಿಸಿದ್ದಾರೆಯೇ ಅಂದರೆ ಎರಿಕ್ ಔಯರ್‌ಬಾಕ್ ಬಹಳ ಹತ್ತಿರ ಹೋಗಿದ್ದಾನೆ. ನಿನ್ನ ಆಕರಪಟ್ಟಿಯಲ್ಲಿ ಅವನ ಹೆಸರೇ ಇಲ್ಲ, ಇದೊಂದು ಕೊರತೆಗೆ ನಿನ್ನ ಗೈಡಿನ ಕಿವಿಯನ್ನೂ ಹಿಂಡಬೇಕು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದ ಯಹೂದಿ ಪ್ರೊಫೆಸರ್. ಬೇಕಾದ ಪುಸ್ತಕಗಳಿರುವ ಲೈಬ್ರರಿ ಅಲ್ಲಿ ಇರಲಿಲ್ಲ. ಕೈಯಲ್ಲಿದ್ದ ಮೂಲಕೃತಿಗಳನ್ನು ಹಿಡಿದು ‘ಮಿಮೆಸಿಸ್’ ಬರೆದ, 1946ರಲ್ಲಿ ಅದು ಬರ್ನ್‌ನಲ್ಲಿ ಅಚ್ಚಾಯಿತು. ಪ್ರತಿ ಅಧ್ಯಾಯವೂ ಯಾವುದೋ ಕೃತಿಯ ಒಂದು ತುಣುಕಿನಿಂದ ಶುರುವಾಗುತ್ತದೆ, ಅದನ್ನು ಜಗ್ಗಿ ಜಗ್ಗಿ ಇಡೀ ಕಾಲವನ್ನೇ ಹೊರಗೆ ತರುತ್ತಾನೆ. ಕಪಟಭಕ್ತನ ಮೇಲೂ ಒಂದು ಅಧ್ಯಾಯವಿದೆ. ಓರ್ಗಾನನಿಗೆ ತಾರ್ತುಫ್ ಬೇಕು, ಯಾಕೆಂದರೆ ಅವನ ನೆಪದಲ್ಲಿ ಮನೆಯವರನ್ನು ಗೋಳು ಹೊಯ್ದುಕೊಳ್ಳಬಹುದು ಅನ್ನುವುದು ಅಲ್ಲಿನ ಹೊಳಹು. ಮಗಳು ಮರಿಯಾನಳ ಗೊತ್ತಾದ ಮದುವೆ ಮುರಿದು ತಾರ್ತುಫನಿಗೆ ಕೊಡುತ್ತೇನೆ ಅನ್ನುತ್ತಾನೆ, ಮಗನನ್ನು ಹೊರಗೆ ಹಾಕುತ್ತಾನೆ, ಆಸ್ತಿ ಬರೆದುಕೊಡುತ್ತಾನೆ. ಎಲ್ಲವೂ ದೇವರ ಹೆಸರಿನಲ್ಲಿ! ಮಕ್ಕಳು ದೊಡ್ಡವರಾಗಿದ್ದಾರೆ, ಎರಡನೇ ಹೆಂಡತಿ ಎಲ್ಮೀರ್ ಚಿಕ್ಕ ವಯಸ್ಸಿನವಳು, ಮನೆಗೆ ನಾಲ್ಕು ಜನ ಬಂದು ಹೋಗುತ್ತಾರೆ, ಯಜಮಾನನ ಹಿಡಿತ ಸಡಿಲವಾಗುತ್ತಿದೆ. ಆ ಹೊತ್ತಿಗೆ ಒಬ್ಬ ಭಕ್ತ ಸಿಕ್ಕಿದ. ಓರ್ಗಾನ್ ಮೋಸ ಹೋದನೋ, ಮೋಸವನ್ನು ಕರೆದು ಕೂರಿಸಿಕೊಂಡನೋ? ನಿನ್ನ ಪ್ರಬಂಧದ ಪ್ರಶ್ನೆ ಇದಾಗಬೇಕು ಅನ್ನುವುದು ನನ್ನ ಆಸೆ.

ಈ ಪ್ರಶ್ನೆ ಇಟ್ಟುಕೊಂಡು ನಾಲ್ಕನೇ ಅಂಕದ ಮೇಜಿನ ದೃಶ್ಯ ಓದು. ಎಲ್ಮೀರ್ ಗಂಡನನ್ನು ಮೇಜಿನ ಕೆಳಗೆ ಕೂರಿಸಿ ತಾರ್ತುಫನನ್ನು ಕರೆಸುತ್ತಾಳೆ. ಅವನು ಮುಂದುವರಿಯುತ್ತಾನೆ, ಅವಳು ಕೆಮ್ಮುತ್ತಾಳೆ, ಮತ್ತೆ ಕೆಮ್ಮುತ್ತಾಳೆ. ಗಂಡ ಹೊರಗೆ ಬರುವುದಿಲ್ಲ. ನೋಡುವವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು, ಅದರ ಜೊತೆಗೇ ಒಂದು ಹೇಸಿಗೆ. ಹೆಂಡತಿಯ ಮಾನ ಹೋಗುವ ಹೊತ್ತಿನಲ್ಲಿಯೂ ಬರದವನು ಬರುವುದು ಯಾವಾಗ? ನಿನ್ನ ಗಂಡನನ್ನು ಎತ್ತ ಎಳೆದರೂ ಬರುತ್ತಾನೆ ಅಂತ ತಾರ್ತುಫ್ ಹಗುರವಾಗಿ ಆಡಿ, ಯಾರಾದರೂ ಇದ್ದಾರೆಯೇ ಅಂತ ನೋಡಲು ಆಚೆ ಹೋದ ಮೇಲೆ. ನನಗೆ ಕಾಣುವುದು ಇಷ್ಟು: ಅವನ ನಂಬಿಕೆಯನ್ನು ಮುರಿದದ್ದು ಎಲ್ಮೀರಳ ಅವಸ್ಥೆಯಲ್ಲ, ತನ್ನ ಬಗ್ಗೆ ಕೇಳಿಸಿಕೊಂಡ ಮಾತು. ನೀನು ಒಪ್ಪಬೇಕಾಗಿಲ್ಲ, ಆದರೆ ಒಪ್ಪದಿದ್ದರೆ ಆ ಕೆಮ್ಮುಗಳಿಗೆ ಲೆಕ್ಕ ಕೊಡು.

ಭಾಷೆಯ ಸಿದ್ಧಾಂತ ಬೇಕೇ ಬೇಕು ಅಂದರೆ ಮೂರನೇ ಅಂಕಕ್ಕೆ ಹೋಗು. ದಾಮಿಸ್ ದೂರು ಹೇಳಿದಾಗ ತಾರ್ತುಫ್ ಅಲ್ಲಗಳೆಯುವುದೇ ಇಲ್ಲ. ನಾನು ಪಾಪಿ, ನೀಚ ಅಂತ ಒಪ್ಪಿಕೊಳ್ಳುತ್ತಾನೆ. ಇಡೀ ನಾಟಕದಲ್ಲಿ ಅವನು ಹೇಳುವ ದೊಡ್ಡ ನಿಜ ಅದು, ಓರ್ಗಾನ್ ಅದನ್ನು ವಿನಯ ಅಂದುಕೊಂಡು ಮಗನ ಮೇಲೆಯೇ ಹರಿಹಾಯುತ್ತಾನೆ. ಮಾತು ಬರೀ ಸುದ್ದಿ ಹೇಳುವುದಿಲ್ಲ, ಕೆಲಸವನ್ನೂ ಮಾಡುತ್ತದೆ ಅನ್ನುವ ತತ್ವಜ್ಞಾನಿ ಆಸ್ಟಿನನ ವಿಚಾರವನ್ನು ಶೊಶಾನಾ ಫೆಲ್ಮನ್ 1980ರಲ್ಲಿ ಮೋಲಿಯೇರನದೇ ‘ಡಾನ್ ಜುವಾನ್’ ಓದಲು ಬಳಸಿದ್ದಾಳೆ. ಅದನ್ನು ಇಲ್ಲಿಗೆ ತಂದರೆ ದೆರಿದಾನಿಗೂ ಒಂದು ಕುರ್ಚಿ ಸಿಗಬಹುದು. ಸುಮ್ಮನೆ ನಿಲ್ಲಿಸಬೇಡ, ಪಾಪ, ಅವನಿಗೂ ಕಾಲು ನೋಯುತ್ತದೆ.

ಫೂಕೋನನ್ನು ಬಿಡು ಅಂತಲೂ ನಾನು ಹೇಳುವುದಿಲ್ಲ. ಆದರೆ ಚರಿತ್ರೆಯನ್ನು ಹಿಡಿದು ಬಾ. ತಾರ್ತುಫ್ ಪಾದ್ರಿಯಲ್ಲ, ಭಕ್ತಿಯ ವೇಷದ ಸಾಮಾನ್ಯ ಮನುಷ್ಯ. ಮನೆಗೆ ಯಾರು ಬರಬೇಕು, ಯಾರು ಬರಬಾರದು ಅನ್ನುವುದನ್ನೂ ಅವನೇ ತೀರ್ಮಾನಿಸುತ್ತಾನೆ. ಆ ಕಾಲದ ಫ್ರಾನ್ಸಿನಲ್ಲಿ ಪವಿತ್ರ ಸಂಸ್ಕಾರದ ಸಂಘ ಅಂತ ಒಂದು ಗುಟ್ಟಿನ ಕೂಟವಿತ್ತು, ದೊಡ್ಡ ದೊಡ್ಡವರು ಅದರಲ್ಲಿದ್ದರು, ಊರ ಜನರ ನಡತೆಯ ಮೇಲೆ ಕಣ್ಣಿಡುವುದು ಅದರ ಕೆಲಸಗಳಲ್ಲೊಂದು. 1664ರ ಮೇ 12ರಂದು ವರ್ಸೈನಲ್ಲಿ ರಾಜನ ಮುಂದೆ ಈ ನಾಟಕದ ಮೂರು ಅಂಕಗಳು ಆಡಿದ ಕೂಡಲೇ ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಬಿತ್ತು. ಇವನನ್ನು ಸುಡಬೇಕು ಅಂತ ಬರೆದ ಪಾದ್ರಿಯೂ ಇದ್ದ. 1667ರಲ್ಲಿ ಹೆಸರುಗಳನ್ನು ಬದಲಿಸಿ ಒಂದು ಸಲ ಆಡಿದರು. ರಾಜ ಯುದ್ಧಕ್ಕೆ ಹೋಗಿದ್ದ, ಮರುದಿನವೇ ನಿಲ್ಲಿಸಿದರು. ನೋಡಿದವರಿಗೆ, ಓದಿದವರಿಗೆ ಬಹಿಷ್ಕಾರ ಅಂತ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಹೆದರಿಸಿದ. ಕೊನೆಗೆ ಅನುಮತಿ ಸಿಕ್ಕಿದ್ದು 1669ರ ಫೆಬ್ರವರಿ 5ಕ್ಕೆ. ಐದನೇ ಅಂಕದ ಕೊನೆಯಲ್ಲಿ ರಾಜನ ಅಧಿಕಾರಿ ಬಂದು ತಾರ್ತುಫನನ್ನೇ ಹಿಡಿದುಕೊಂಡು ಹೋಗಿ ಎಲ್ಲರನ್ನೂ ಉಳಿಸುತ್ತಾನಲ್ಲ, ಅದು ಕೃತಕ ಅಂತ ನೀನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀಯ. ನಾಟಕವನ್ನು ಉಳಿಸಿದ ರಾಜನೇ ನಾಟಕದೊಳಗಿನ ಮನೆಯನ್ನೂ ಉಳಿಸುತ್ತಾನೆ. ಕೃತಕ ಅನ್ನುವುದಕ್ಕಿಂತ, ಬಾಡಿಗೆ ಕಟ್ಟಿದ ರಶೀದಿ ಅನ್ನು.

ಇದನ್ನು ಮೂರ್ತಿರಾಯರ ಪಕ್ಕದಲ್ಲಿಡು. ಅವರು ‘ಆಷಾಢಭೂತಿ’ ಬರೆದದ್ದು 1930ರ ದಶಕದ ಮೈಸೂರಿನಲ್ಲಿ, ನಾಲ್ವಡಿಯವರ ಆಳ್ವಿಕೆಯಲ್ಲಿ. ಅಲ್ಲಿ ಮನೆಯನ್ನು ಉಳಿಸಲು ಯಾರು ಬರುತ್ತಾರೆ, ಯಾರ ಹೆಸರಿನಲ್ಲಿ ಬರುತ್ತಾರೆ? ಕ್ರೈಸ್ತ ಮನೆಯ ಪಾಪಭೀತಿ ಹೋಗಿ ಅದರ ಜಾಗಕ್ಕೆ ಏನು ಬಂದಿದೆ? ಮಡಿಯೇ, ಮಠವೇ, ಮತ್ತೇನೋ? ಉತ್ತರ ನಾನು ಹೇಳಿಬಿಟ್ಟರೆ ಡಿಗ್ರಿ ನನಗೆ ಕೊಡಬೇಕಾಗುತ್ತದೆ. ಅದೇ ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದೇವರು’ ಬರೆದು ನಂಬಿಕೆಯನ್ನೇ ನಿಲ್ಲಿಸಿ ಪ್ರಶ್ನೆ ಕೇಳಿದರು. ತಾರುಣ್ಯದಲ್ಲಿ ಕಪಟಭಕ್ತನನ್ನು ಕನ್ನಡಕ್ಕೆ ಕರೆತಂದವರು, ಇಳಿವಯಸ್ಸಿನಲ್ಲಿ ಭಕ್ತಿಯ ಬುಡಕ್ಕೇ ಕೈಹಾಕಿದರು. ಈ ಎರಡರ ನಡುವಿನ ದಾರಿಯನ್ನು ನಿನ್ನ ಪ್ರಬಂಧ ಒಂದು ಪುಟದಲ್ಲಾದರೂ ನಡೆಯಬೇಕು. 1984ರಲ್ಲಿ ನಮ್ಮ ಜಿಲ್ಲೆಯ ಕೈವಾರದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರು ಅವರೇ. ಕೈವಾರ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಯೋಗಿ ಕೈವಾರ ತಾತಯ್ಯನವರ ಊರಿನಲ್ಲಿ ದೇವರ ಬಗ್ಗೆ ಸಂಶಯವಿದ್ದವರನ್ನು ಕನ್ನಡಿಗರು ಮೆರವಣಿಗೆ ಮಾಡಿದರು, ಯಾರಿಗೂ ಏನೂ ಆಗಲಿಲ್ಲ.

ಇನ್ನು ನಿನ್ನ ಊರಿನ ಮಾತು. ಇಲ್ಲಿನ ಬಂಗಲೆಗಳಲ್ಲಿ ದೊರೆಗಳಿದ್ದ ಕಾಲದಲ್ಲಿ ಅಡುಗೆಗೆ ಬಟ್ಲರ್, ಮಕ್ಕಳಿಗೆ ಆಯಾ ಇರುತ್ತಿದ್ದರು. ದೊರೆಸಾನಿಗೆ ಗೊತ್ತಿಲ್ಲದ್ದು ಆಯಾಗೆ ಗೊತ್ತಿರುತ್ತಿತ್ತು, ಸಂಜೆಗೆ ಲೈನ್ ಮನೆಗಳಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ದೋರಿನಳನ್ನು ನೀನು ‘ಅಧೀನ ದನಿ’ ಅಂತ ಕರೆದಿದ್ದೀಯ. ಆ ಮನೆಯಲ್ಲಿ ಅತಿ ಹೆಚ್ಚು ತಿಳಿದವಳು, ಅತಿ ಹೆಚ್ಚು ಎದುರು ಮಾತಾಡುವವಳು ಅವಳು. ಅಧೀನ ಅನ್ನುವುದು ಸಂಬಳದಲ್ಲಿ ನಿಜ, ದನಿಯಲ್ಲಿ ಅಲ್ಲ. ಇದು ಪುಸ್ತಕ ಓದದೆಯೂ ಉರಿಗಾಂನವರಿಗೆ ತಿಳಿದ ವಿಷಯ.

ಯಾರು ನಗುತ್ತಾರೆ ಅನ್ನುವುದನ್ನೂ ಕೇಳಿಕೋ. ನೋಡುಗರ ನಿರೀಕ್ಷೆಯ ಬಗ್ಗೆ ಯಾವ್ಸ್ ಬರೆದದ್ದನ್ನು ನೀನು ಉಲ್ಲೇಖಿಸಿದ್ದೀಯ, ಆದರೆ ನೋಡುಗರು ಯಾರು ಅಂತ ಹೇಳಿಲ್ಲ. ಮೈಸೂರಿನ ಓದಿದ ಮನೆತನಗಳವರು ಒಂದು ಬಗೆ. ಮಾರಿಕುಪ್ಪದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಯೋತಿ ದಾಸ ಪಂಡಿತರ ಬೌದ್ಧ ಸಂಘದ ಶಾಖೆ ಕಟ್ಟಿಕೊಂಡು ಪುರೋಹಿತರನ್ನು ಪ್ರಶ್ನಿಸಿದ ತಮಿಳು ಗಣಿ ಕಾರ್ಮಿಕರು ಇನ್ನೊಂದು ಬಗೆ. ಅವರ ಮುಂದೆ ಈ ನಾಟಕ ಆಡಿದ್ದರೆ ನಗು ಬೇರೆ ಕಡೆ ಬೀಳುತ್ತಿತ್ತು. ಓರ್ಗಾನನ ಆಸ್ತಿಪತ್ರಕ್ಕಿಂತ ದೋರಿನಳ ಮಾತಿಗೆ ಅವರು ಹೆಚ್ಚು ಚಪ್ಪಾಳೆ ಹೊಡೆಯುತ್ತಿದ್ದರು ಅಂತ ನನ್ನ ಊಹೆ.

ಮತ್ತೆ ಓರ್ಗಾನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ, ಇನ್ನೇನು ತೆರೆಯುತ್ತದೆ ಅನ್ನುವ ಮಾತನ್ನು ಈ ಊರು ಎಷ್ಟು ಬಾಯಿಗಳಿಂದ ಕೇಳಿಲ್ಲ? ನಂಬಿದವರನ್ನು ನೋಡಿ ಬೆಂಗಳೂರಿನವರು ನಗಬಹುದು. ನಾನು ನಗುವುದಿಲ್ಲ. ನಂಬಿಕೆ ಬಿಟ್ಟರೆ ಕ್ವಾರ್ಟರ್ಸ್ ಬಿಡಬೇಕು, ಮಗನನ್ನು ಬೆಂಗಳೂರಿನ ಬೆಳಗಿನ ರೈಲಿಗೆ ಹತ್ತಿಸಲೇಬೇಕು, ತನ್ನ ಕೈಯ ಕಸುಬು ಇನ್ನು ಯಾರಿಗೂ ಬೇಡ ಅಂತ ಒಪ್ಪಬೇಕು. ನಂಬುವವನಿಗೆ ಏನು ಸಿಗುತ್ತದೆ ಅಂತ ಮಾತ್ರ ಕೇಳಬೇಡ, ನಂಬದಿದ್ದರೆ ಏನು ಕಳೆದುಹೋಗುತ್ತದೆ ಅಂತಲೂ ಕೇಳು. ಆಗ ಐದನೇ ಅಂಕದ ಮುದುಕಿ, ಓರ್ಗಾನನ ತಾಯಿ ಪೆರ್ನೆಲ್ ನಿನಗೆ ಅರ್ಥವಾಗುತ್ತಾಳೆ. ಮಗನೇ ಕಣ್ಣಾರೆ ಕಂಡೆ ಅಂತ ಬಡಕೊಂಡರೂ ಅವಳು ತಾರ್ತುಫನನ್ನು ಬಿಟ್ಟುಕೊಡುವುದಿಲ್ಲ, ನಿನ್ನೆಯವರೆಗೆ ಯಾರ ಮಾತನ್ನೂ ಕೇಳದ ಓರ್ಗಾನ್ ಅವಳ ಮುಂದೆ ತಲೆ ಚಚ್ಚಿಕೊಳ್ಳುತ್ತಾನೆ. ಆದರೆ ಇದನ್ನು ಪ್ರಬಂಧದಲ್ಲಿ ‘ತಾರ್ತುಫ್ ಎಂದರೆ ಸರ್ಕಾರ, ಓರ್ಗಾನ್ ಎಂದರೆ ಕೆಜಿಎಫ್’ ಅಂತ ಬರೆದೆಯೋ, ನಾನು ವೈವಾಕ್ಕೆ ಬಂದು ಎದುರಿಗೇ ಕೂರುತ್ತೇನೆ. ಊರು ನಿನಗೆ ಕೊಡಬೇಕಾದದ್ದು ಒಂದು ಪ್ರಶ್ನೆ, ಹೋಲಿಕೆಯ ಪಟ್ಟಿಯಲ್ಲ.

ಈಗ ಮಾಡಬೇಕಾದ್ದು. ಸೈದ್ಧಾಂತಿಕ ಚೌಕಟ್ಟು ಅನ್ನುವ ಅಧ್ಯಾಯ ಇರಲೇಬೇಕು ಅಂತ ನಿಮ್ಮ ವಿಭಾಗದ ನಿಯಮವಿದ್ದರೆ ಇರಲಿ, ಅದನ್ನು ಕೊನೆಗೆ ಬರೆ. ಮೊದಲು ಐದೂ ಅಂಕಗಳನ್ನು ಗಟ್ಟಿಯಾಗಿ ಓದು. ಫ್ರೆಂಚ್ ಬರುವುದಿಲ್ಲವಾದ್ದರಿಂದ ರಿಚರ್ಡ್ ವಿಲ್ಬರ್ 1963ರಲ್ಲಿ ಇಂಗ್ಲಿಷಿಗೆ ಪದ್ಯದಲ್ಲೇ ತಂದದ್ದು ಸಾಕು, ಪಕ್ಕದಲ್ಲಿ ಮೂರ್ತಿರಾಯರು. 12 ಅಕ್ಷರಗಳಂತೆ ನಡೆಯುವ ಮೂಲದ ಸಾಲುಗಳ ಬಗ್ಗೆ, ಪದಗಳ ಶ್ಲೇಷೆಯ ಬಗ್ಗೆ ಬೇರೆಯವರಿಂದ ಕಡ ತಂದ ಮಾತು ಬೇಡ. ಆಮೇಲೆ ಮೇಜಿನ ದೃಶ್ಯದ ಮೇಲೆ ಹತ್ತು ಪುಟ, ಒಬ್ಬ ಸಿದ್ಧಾಂತಿಯ ಹೆಸರನ್ನೂ ತರದೆ. ಎಲ್ಲಿ ಸಿಕ್ಕಿಕೊಳ್ಳುತ್ತೀಯೋ ಅಲ್ಲಿ ಒಂದು ಗುರುತು ಹಾಕು. ಆ ಗುರುತು ಬಿದ್ದ ಜಾಗಕ್ಕೆ ಯಾರು ಬೇಕೋ ಅವರನ್ನು ಕರೆಯೋಣ. ಒಬ್ಬರೋ ಇಬ್ಬರೋ ಸಾಕಾಗುತ್ತಾರೆ, ಉಳಿದವರನ್ನು ಮರ್ಯಾದೆಯಿಂದ ಕಳಿಸಿಕೊಡು.

ಭಾಮೈದ ಕ್ಲೆಯಾಂತ್ ಬಗ್ಗೆ ಏನೂ ಬರೆಯದೆ ಬಿಟ್ಟಿದ್ದೀಯ, ಅದು ಒಳ್ಳೆಯದೇ. ನಾಟಕದಲ್ಲಿ ಎಲ್ಲವನ್ನೂ ಸರಿಯಾಗಿ ಹೇಳುವವನು ಅವನೊಬ್ಬನೇ, ಅವನ ಮಾತನ್ನು ಯಾರೂ ಕೇಳುವುದಿಲ್ಲ. ಅವನ ಉದ್ದುದ್ದ ಭಾಷಣಗಳನ್ನು ಮೋಲಿಯೇರನ ಸ್ವಂತ ಅಭಿಪ್ರಾಯ ಅಂತ ನಿನ್ನ ಗೈಡ್ ಹೇಳಿದರೆ ತಲೆಯಾಡಿಸಿ ಬಾ, ಬರೆಯಬೇಡ.

ನಿನ್ನ
ದೊಡ್ಡಮ್ಮ
ಉರಿಗಾಂ